ಕುರ್ಚಿಯಿಂದ ಕೈ ಊರದೆ ಏಳುವವರೆಗೆ: ಮಂಡಿ ನೋವಿನ ಹಿರಿಯರಿಗೆ ಮನೆಯಲ್ಲೇ ವ್ಯಾಯಾಮ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಜೆರಾಕ್ಸ್ ಹಾಳೆ ಆರು ತಿಂಗಳು ಅಂಟಿಕೊಂಡೇ ಇತ್ತು. ಅದರಲ್ಲಿ ಹದಿನಾಲ್ಕು ವ್ಯಾಯಾಮಗಳ ಚಿತ್ರ. ಅಮ್ಮನ ಮಂಡಿ ಸವೆತಕ್ಕೆ ಅಂತ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಚಿತ್ರದ ಮನುಷ್ಯನಿಗೆ ಮುಖ ಇಲ್ಲ, ಹೊಟ್ಟೆಯೂ ಇಲ್ಲ. ಆರಾಮಾಗಿ ನೆಲದ ಮೇಲೆ ಮಲಗಿ ಕಾಲು ಎತ್ತುತ್ತಿದ್ದ. ಅಮ್ಮ ಅದನ್ನು ನೋಡಿ ಒಂದೇ ಮಾತು ಕೇಳಿದಳು: "ನೆಲಕ್ಕೆ ಮಲಗೋದೇನೋ ಮಲಗ್ತೀನಿ ಕಣೋ, ಎಬ್ಬಿಸೋರು ಯಾರು?"

ಅಲ್ಲಿಗೆ ವ್ಯಾಯಾಮ ಮುಗಿಯಿತು. ಹಾಳೆ ಮಾತ್ರ ಉಳಿಯಿತು.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ನೋಡಿದರು. ಅಮ್ಮನಿಗೆ ನಡೆದು ತೋರಿಸಿ ಅನ್ನಲಿಲ್ಲ, ಕುರ್ಚಿಯಿಂದ ಎದ್ದು ತೋರಿಸಿ ಅಂದರು. ಅಮ್ಮ ಎರಡು ಕೈಯನ್ನೂ ತೊಡೆಗೆ ಊರಿ, ಎರಡು ಸಲ ಮುಂದಕ್ಕೆ ತೂಗಿ, ಮೂರನೇ ಸಲಕ್ಕೆ ಎದ್ದಳು. ಅವರು ಪೆನ್ನು ತೆಗೆದು ಹದಿನಾಲ್ಕರಲ್ಲಿ ಒಂಬತ್ತಕ್ಕೆ ಗೀಟು ಎಳೆದರು. "ಐದು ಸಾಕು. ಎಲ್ಲಾ ಐದೂ ಈ ಏಳೋದಕ್ಕೋಸ್ಕರವೇ" ಅಂದರು.

ಈ ಬರಹ ಆ ಐದರ ಬಗ್ಗೆ. ಮಂಡಿ ನೋವು, ಸೊಂಟದ ಬಿಗಿತ, ವಯಸ್ಸಿನ ನಿಶ್ಶಕ್ತಿ, ಯಾವ ಕಾರಣಕ್ಕಾದರೂ ನಡೆದಾಟ ಕಡಿಮೆಯಾಗಿ ಕುರ್ಚಿ ಮಂಚಕ್ಕೆ ಸೀಮಿತವಾಗಿರುವವರಿಗೆ, ಮತ್ತು ಅವರ ಜೊತೆ ಕೂತು ಮಾಡಿಸುವ ಮಗ, ಮಗಳು, ಸೊಸೆ, ಮೊಮ್ಮಕ್ಕಳಿಗೆ.

ಏಳುವುದೇ ಯಾಕೆ ಮುಖ್ಯ

ದಿನಕ್ಕೆ ಎಷ್ಟು ಸಲ ಏಳುತ್ತೇವೆ ಅಂತ ಎಣಿಸಿ ನೋಡಿ. ಮಂಚದಿಂದ, ಊಟದ ಕುರ್ಚಿಯಿಂದ, ಆಟೋದಿಂದ. ಎಲ್ಲಕ್ಕಿಂತ ಹೆಚ್ಚಾಗಿ ಕಮೋಡಿನಿಂದ. ನಡೆಯುವುದು ನಿಧಾನವಾದರೆ ಸಂಭಾಳಿಸಬಹುದು. ಕಮೋಡಿನಿಂದ ಒಬ್ಬರೇ ಏಳಲು ಆಗದಿದ್ದರೆ ಆ ಮನುಷ್ಯ ಇನ್ನೊಬ್ಬರ ಕೈಗೆ ಬಿದ್ದ ಹಾಗೆ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ನಾಚಿಕೆ ನಾಚಿಕೆಯೇ.

ಏಳುವ ಕೆಲಸ ಮಾಡುವುದು ತೊಡೆಯ ಮುಂಭಾಗದ ಸ್ನಾಯು ಮತ್ತು ಕುಂಡಿಯ ಸ್ನಾಯು. ಮಂಡಿ ನೋಯುತ್ತದೆ ಅಂತ ಕೂತಲ್ಲೇ ಕೂತರೆ ಮೊದಲು ಕರಗುವುದು ಇವೇ. ಇವು ಕರಗಿದಷ್ಟೂ ಏಳುವಾಗ ಮಂಡಿ ಕೀಲಿನ ಮೇಲೆ ಭಾರ ಜಾಸ್ತಿ, ನೋವೂ ಜಾಸ್ತಿ. ಮತ್ತೆ ಇನ್ನಷ್ಟು ಕೂರುತ್ತಾರೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಸುಮಾರು 1 ಕಿಲೋ ಮಾಂಸ ಇಳಿದಿತ್ತು. ಜ್ವರ ಬಂದು ಹತ್ತು ದಿನ ಮಲಗಿ ಎದ್ದ ಅಜ್ಜ ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ ಅಂತ ಹೇಳುತ್ತೇವಲ್ಲ, ಅದರ ಹಿಂದೆ ಇದೂ ಇರುತ್ತದೆ.

ಕಳೆದ ಶಕ್ತಿ ವಾಪಸ್ ಬರುತ್ತದಾ? ಬರುತ್ತದೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವಯಸ್ಸಿನವರಿಗೆ 8 ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದಾಗ ಅವರ ಬಲ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ಅದು ತಜ್ಞರು ಎದುರಿಗೇ ನಿಂತು, ಭಾರ ಹೊರಿಸಿ ಮಾಡಿಸಿದ್ದು. ನಾವು ಮನೆಯಲ್ಲಿ ಅಷ್ಟಕ್ಕೆ ಆಸೆ ಪಡುವುದು ಬೇಡ. ಆದರೆ "ಈ ವಯಸ್ಸಿಗೆ ಇನ್ನೇನು ಬರುತ್ತೆ ಬಿಡು" ಅನ್ನುವ ಮಾತಿಗೆ ಅದೊಂದು ಉತ್ತರ.

ಮೊದಲು ಡಾಕ್ಟರನ್ನು ಕೇಳಬೇಕಾದವರು

ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಆಪರೇಷನ್ ಆದವರು, ಈಚೆಗೆ ಬಿದ್ದವರು, ಮೂಳೆ ಮುರಿದವರು ಕೇಳದೆ ಶುರು ಮಾಡಬೇಡಿ. ಸೊಂಟದ ಕೀಲು ಬದಲಿಸಿಕೊಂಡವರಿಗೆ ಬಗ್ಗುವುದಕ್ಕೆ, ಕಾಲ ಮೇಲೆ ಕಾಲು ಹಾಕುವುದಕ್ಕೆ ಬೇರೆಯೇ ನಿಯಮಗಳಿರುತ್ತವೆ. ಆಪರೇಷನ್ ಮಾಡಿದವರು ಹೇಳಿದ್ದೇ ಅವರಿಗೆ ಅಂತಿಮ. ಮೂಳೆ ಟೊಳ್ಳಾಗಿದೆ ಅಂತ ಗೊತ್ತಿರುವವರು ಬೆನ್ನು ಗೂನು ಮಾಡಿ ಮುಂದಕ್ಕೆ ಬಗ್ಗುವ, ಸೊಂಟ ತಿರುಚುವ ವ್ಯಾಯಾಮ ಬಿಟ್ಟುಬಿಡಿ.

ಬಿಪಿ ಮೇಲಿನ ಅಂಕಿ 180 ಅಥವಾ ಕೆಳಗಿನ ಅಂಕಿ 110 ದಾಟಿದ್ದರೆ ಆ ದಿನ ವ್ಯಾಯಾಮ ಬೇಡ, ಡಾಕ್ಟರಿಗೆ ತಿಳಿಸಿ. ಶುಗರಿಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಕೆಳಗಿಳಿಸುವ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಶುಗರ್ 100ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಲಿ. ನಡುವೆ ಬೆವರು, ನಡುಕ, ತಲೆ ಖಾಲಿಯಾದ ಹಾಗೆ ಅನ್ನಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ.

ಕುರ್ಚಿ, ನೆಲ, ಸೀರೆಯ ಅಂಚು

ಮೊದಲನೇ ದಿನ ನಾನು ಮಾಡಿದ ತಪ್ಪು ಕುರ್ಚಿಯದು. ಕೈಗೆ ಸಿಕ್ಕಿತು ಅಂತ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ನಮ್ಮದು ರೆಡ್ ಆಕ್ಸೈಡ್ ನೆಲ, ಕನ್ನಡಿ ತರಹ ನುಣುಪು. ಅಮ್ಮ ಏಳಲು ಹಿಂದಕ್ಕೆ ಒತ್ತಿದಳು, ಕುರ್ಚಿಯ ಹಿಂದಿನ ಕಾಲು ಎರಡೂ ಅಗಲವಾಗಿ ಜಾರಿತು. ನಾನು ಹಿಡಿದುಕೊಂಡೆ, ಬೀಳಲಿಲ್ಲ. ಆದರೆ ಅದಾದ ಮೇಲೆ ಅಮ್ಮನನ್ನು ಮತ್ತೆ ಒಪ್ಪಿಸಲು ಎರಡು ವಾರ ಹಿಡಿಯಿತು.

ಹಾಗಾಗಿ ಕುರ್ಚಿ ಮರದ್ದೋ ಕಬ್ಬಿಣದ್ದೋ ಆಗಿರಲಿ. ನಾಲ್ಕು ಗಟ್ಟಿ ಕಾಲು, ಚಕ್ರ ಇರಬಾರದು. ಬೆನ್ನನ್ನು ಗೋಡೆಗೆ ಆನಿಸಿ ಇಡಿ, ಹಿಂದಕ್ಕೆ ಸರಿಯಲು ಜಾಗವೇ ಇರಬಾರದು. ಎತ್ತರ ಸುಮಾರು ಒಂದೂವರೆ ಅಡಿ, ಅಂದರೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಸೋಫಾ ಬೇಡ. ಅದು ಒಳಗೆ ಎಳೆದುಕೊಳ್ಳುತ್ತದೆ, ಗಟ್ಟಿಮುಟ್ಟಾದವರಿಗೇ ಅದರಿಂದ ಏಳುವುದು ಕಷ್ಟ. ಎದುರಿಗೆ ಒಂದು ಮೊಳ ದೂರದಲ್ಲಿ ಊಟದ ಟೇಬಲ್ಲೋ ಅಡುಗೆ ಕಟ್ಟೆಯೋ ಇದ್ದರೆ ಹಿಡಿದುಕೊಳ್ಳಲು ಅನುಕೂಲ.

ಬರಿಗಾಲಲ್ಲಿ ಮಾಡಿದರೆ ನೆಲ ಹಿಡಿತ ಕೊಡುತ್ತದೆ. ಆದರೆ ಶುಗರಿನಿಂದ ಪಾದ ಜೋಮು ಹಿಡಿದಿರುವವರಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು. ಹವಾಯಿ ಚಪ್ಪಲಿ, ಕಾಲುಚೀಲ ಎರಡೂ ಜಾರುತ್ತವೆ. ಕಾಲು ಒರೆಸುವ ಮ್ಯಾಟ್ ಪಕ್ಕಕ್ಕೆ ಎಸೆಯಿರಿ. ಸೀರೆಯ ನೆರಿಗೆ ಒಂದು ಗೇಣು ಮೇಲೆ ಸಿಕ್ಕಿಸಿಕೊಳ್ಳಿ, ಪಂಚೆಯಾದರೆ ಎತ್ತಿ ಕಟ್ಟಿ. ಏಳುವಾಗ ತಮ್ಮ ಸೀರೆಯ ಅಂಚನ್ನು ತಾವೇ ತುಳಿದು ಮುಗ್ಗರಿಸುವುದು ನಾವು ಅಂದುಕೊಂಡಿದ್ದಕ್ಕಿಂತ ಸುಲಭ.

ಹೊತ್ತು ಯಾವುದು? ಬೆಳಿಗ್ಗೆ ಎದ್ದ ತಕ್ಷಣ ಕೀಲು ಬಿಗಿದಿರುತ್ತದೆ, ಆಗ ಬೇಡ. ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ ಒಳ್ಳೆಯದು. ನಮ್ಮಲ್ಲಿ ಹನ್ನೊಂದು ಗಂಟೆಗೆ, ಎರಡನೇ ಸಲದ ಕಾಫಿಗೆ ಮುಂಚೆ. ಕಾಫಿ ಮುಂದಿಟ್ಟರೆ ಅಮ್ಮ ಯಾವುದಕ್ಕೂ ಒಪ್ಪುತ್ತಾಳೆ.

ನೋವನ್ನು ಅಣೆಯಲ್ಲಿ ಅಳೆಯಿರಿ

ಆಸ್ಪತ್ರೆಯಲ್ಲಿ "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು" ಅಂತ ಕೇಳುತ್ತಾರೆ. ಅಮ್ಮನಿಗೆ ಆ ಲೆಕ್ಕ ಹತ್ತಲಿಲ್ಲ. ಯಾವಾಗ ಕೇಳಿದರೂ "ಐದು" ಅನ್ನುತ್ತಿದ್ದಳು. ಒಂದು ದಿನ ತಾನೇ "ಇವತ್ತು ನಾಲ್ಕಾಣೆ ನೋವು ಕಣೋ" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಅಳತೆ. ಹದಿನಾರಾಣೆ ಅಂದರೆ ತಡೆಯಲಾಗದ ನೋವು.

ನಾಲ್ಕಾಣೆಯೊಳಗಿದ್ದರೆ ಮುಂದುವರಿಸಿ. ಮಂಡಿ ಸವೆದವರಿಗೆ ಸ್ವಲ್ಪವೂ ನೋಯದೆ ಯಾವ ವ್ಯಾಯಾಮವೂ ಇಲ್ಲ, ಅಷ್ಟು ನೋವಿನಿಂದ ಕೀಲು ಹಾಳಾಗುವುದೂ ಇಲ್ಲ. ಕೀಲಿನ ನಡುವಿನ ಮೆತ್ತೆಗೆ ರಕ್ತನಾಳಗಳಿಲ್ಲ. ಅಲ್ಲಾಡಿಸಿದಾಗ ಹಿಂಡಿ ಬಿಡುವ ಕೀಲಿನ ದ್ರವವೇ ಅದಕ್ಕೆ ಆಹಾರ. ಎಂಟಾಣೆಗೆ ಏರಿದರೆ ಎತ್ತರ ತಗ್ಗಿಸಿ ಅಥವಾ ಎಣಿಕೆ ಅರ್ಧ ಮಾಡಿ. ಚುಚ್ಚಿದ ಹಾಗೆ, ಕೀಲು ಕಚ್ಚಿಕೊಂಡ ಹಾಗೆ ನೋವು ಬಂದರೆ ಆ ವ್ಯಾಯಾಮ ಅವತ್ತಿಗೆ ನಿಲ್ಲಿಸಿ.

ಇನ್ನೊಂದು ಲೆಕ್ಕ ಎರಡು ಗಂಟೆಯದು. ವ್ಯಾಯಾಮ ಮುಗಿಸಿ ಎರಡು ಗಂಟೆಯಾದರೂ ನೋವು ಮೊದಲಿಗಿಂತ ಜಾಸ್ತಿಯೇ ಇದ್ದರೆ ಅವತ್ತು ಮಾಡಿದ್ದು ಹೆಚ್ಚಾಯಿತು ಅಂತ ಅರ್ಥ. ಮಾರನೇ ದಿನ ಕಡಿಮೆ ಮಾಡಿ. ಪೂರ್ತಿ ಬಿಡಬೇಡಿ. ಮಂಡಿ ಊದಿ ಬಿಸಿಯಾಗಿದ್ದರೆ ಮಾತ್ರ ಅದು ಇಳಿಯುವವರೆಗೆ ನಿಂತು ಮಾಡುವುದನ್ನು ಬಿಟ್ಟು ಪಾದ ಆಡಿಸುವುದಷ್ಟೇ ಸಾಕು.

ಉಸಿರು ಬಿಗಿಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಕಷ್ಟದ ಕೆಲಸ ಬಂದ ಕೂಡಲೇ ಗೊತ್ತಿಲ್ಲದೆ ಉಸಿರು ಕಟ್ಟುತ್ತೇವೆ, ಬಿಪಿ ದಿಢೀರ್ ಏರುತ್ತದೆ. ಇದಕ್ಕೆ ಸುಲಭದ ಉಪಾಯ, ಜೋರಾಗಿ ಎಣಿಸುವುದು. ಬಾಯಲ್ಲಿ ಮಾತಿದ್ದರೆ ಉಸಿರು ಕಟ್ಟಲು ಆಗುವುದಿಲ್ಲ. ಅಮ್ಮ ಎಣಿಸುವ ಬದಲು ಒಂದೊಂದಕ್ಕೂ "ರಾಮ" ಅನ್ನುತ್ತಾಳೆ, ಎಣಿಕೆಯ ಜವಾಬ್ದಾರಿ ನನ್ನದು.

ಒಂದು: ಪಾದ

ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂರಿ. ಹಿಮ್ಮಡಿ ನೆಲದಲ್ಲೇ ಇರಲಿ, ಬೆರಳುಗಳನ್ನು ಮೇಲಕ್ಕೆ ಎಳೆಯಿರಿ. ಆಮೇಲೆ ಬೆರಳು ನೆಲಕ್ಕೆ ಊರಿ ಹಿಮ್ಮಡಿ ಎತ್ತಿ. ಹೊಲಿಗೆ ಮಿಷನ್ ತುಳಿದ ಹಾಗೆ. ಇಪ್ಪತ್ತು ಸಲ. ಮೀನಖಂಡ ಹಿಂಡಿ ಬಿಟ್ಟ ಹಾಗಾಗಿ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಸಂಜೆ ಪಾದ ಊದುವವರು ಇದನ್ನು ಟಿವಿ ನೋಡುವಾಗಲೂ ಮಾಡಬಹುದು. ಬೆಳಿಗ್ಗೆ ಮಂಚದಿಂದ ಇಳಿಯುವ ಮುಂಚೆ ಅಂಚಿನಲ್ಲಿ ಕೂತು ಒಂದೆರಡು ನಿಮಿಷ ಮಾಡಿದರೆ, ಎದ್ದ ಕೂಡಲೇ ತಲೆ ಸುತ್ತಿ ಬೀಳುವ ಅಪಾಯ ಕಡಿಮೆ.

ಎರಡು: ಕೂತಲ್ಲೇ ಕವಾಯತು

ಒಂದು ಮಂಡಿಯನ್ನು ನಾಲ್ಕು ಬೆರಳಿನಷ್ಟು ಎತ್ತಿ ಇಳಿಸಿ, ಆಮೇಲೆ ಇನ್ನೊಂದು. ಬೆನ್ನು ಕುರ್ಚಿಗೆ ಒರಗಿಸದೆ ನೆಟ್ಟಗಿದ್ದರೆ ಹೊಟ್ಟೆಯ ಸ್ನಾಯುವಿಗೂ ಕೆಲಸ. ಮೊದಲ ವಾರ ಅರ್ಧ ನಿಮಿಷ, ಆಮೇಲೆ ಒಂದು, ಎರಡು ನಿಮಿಷದವರೆಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಇದ್ದರೆ ಸರಿ. ಕೈ ಬೀಸಲು ಆಗುವವರು ಜೊತೆಗೆ ಬೀಸಲಿ. ಭುಜ ಹಿಡಿದುಕೊಂಡಿರುವವರು ಸುಮ್ನೆ ಮುಷ್ಟಿ ಬಿಗಿದು ಬಿಚ್ಚಿದರೂ ಸಾಕು.

ಮೂರು: ತೊಡೆ ಬಿಗಿಯುವುದು

ಇದು ಮಂಡಿಗೆ ಹೇಳಿ ಮಾಡಿಸಿದ ವ್ಯಾಯಾಮ, ಸ್ವಲ್ಪ ನಿಧಾನಕ್ಕೆ ಓದಿ.

ಒಂದು ಕಾಲನ್ನು ಮುಂದಕ್ಕೆ ಚಾಚಿ, ಮಂಡಿ ಆದಷ್ಟು ನೆಟ್ಟಗಾಗುವವರೆಗೆ ಎತ್ತಿ. ಪಾದದ ಬೆರಳು ತಮ್ಮ ಮುಖದ ಕಡೆಗೆ ತಿರುಗಿರಲಿ. ಮಂಡಿ ಚಿಪ್ಪಿನ ಮೇಲುಗಡೆ ತೊಡೆಗೆ ಕೈ ಇಟ್ಟು ನೋಡಿ, ಅಲ್ಲಿ ಮಾಂಸ ಕಲ್ಲಿನ ಹಾಗೆ ಬಿಗಿಯಬೇಕು. ಮೆತ್ತಗಿದ್ದರೆ ಕಾಲು ಎತ್ತಿದ್ದು ಬರೀ ತೋರಿಕೆಗೆ. ಐದು ಎಣಿಸುವವರೆಗೆ ಹಿಡಿದು, ಮೂರು ಎಣಿಸುತ್ತಾ ಇಳಿಸಿ. ದಪ್ಪ್ ಅಂತ ಬಿಡಬೇಡಿ, ಇಳಿಸುವುದರಲ್ಲೂ ಅರ್ಧ ಲಾಭ ಇದೆ. ಒಂದೊಂದು ಕಾಲಿಗೆ ಐದರಿಂದ ಶುರು ಮಾಡಿ ಹತ್ತಕ್ಕೆ ಹೋಗಿ.

ಎತ್ತಲು ನೋವಾದರೆ ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುತ್ತಿ ಇಡಿ. ಆ ಟವೆಲನ್ನು ಮಂಡಿಯಿಂದ ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಿ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅಮ್ಮನೂ "ಇದೂ ಒಂದು ವ್ಯಾಯಾಮನಾ, ಕೂತು ಮಾಡೋದು?" ಅಂತ ಮೂಗು ಮುರಿದಿದ್ದಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಬೆಲ್ಟು, ಹಗ್ಗ ಎಲ್ಲ ಇಟ್ಟುಕೊಂಡೇ ಯೋಗ ಕಲಿಸಿದವರು ಅಂದೆ. ಆಮೇಲೆ ಮಾತಾಡಲಿಲ್ಲ.

ಸುಮಾರು ಒಂದು ತಿಂಗಳು ಕಳೆದು ಹತ್ತು ಸಲ ಸಲೀಸಾದ ಮೇಲೆ, ಅರ್ಧ ಕಿಲೋ ರಾಗಿಯನ್ನು ಬಟ್ಟೆಯಲ್ಲಿ ಉದ್ದಕ್ಕೆ ಹೊಲಿದು ಕಣಕಾಲಿಗೆ ಕಟ್ಟಬಹುದು. ಅಂಗಡಿಯ ತೂಕದ ಪಟ್ಟಿಯೇ ಆಗಬೇಕೆಂದಿಲ್ಲ.

ನಾಲ್ಕು: ಏಳುವುದು, ಕೂರುವುದು

ಅಮ್ಮ ಏಳಲು ಕಷ್ಟಪಡುತ್ತಿದ್ದುದಕ್ಕೆ ಅರ್ಧ ಕಾರಣ ನಿಶ್ಶಕ್ತಿ, ಇನ್ನರ್ಧ ಏಳುವ ರೀತಿ. ಕುರ್ಚಿಯಲ್ಲಿ ಹಿಂದಕ್ಕೆ ಕೂತು, ಕಾಲು ಮುಂದೆ ಚಾಚಿಕೊಂಡು ನೇರ ಮೇಲಕ್ಕೆ ಏಳಲು ನೋಡುತ್ತಿದ್ದಳು. ಹಾಗೆ ಯಾರಿಗೂ ಏಳಲು ಆಗುವುದಿಲ್ಲ. ನೀವೇ ಪ್ರಯತ್ನಿಸಿ.

ಸರಿಯಾದ ಕ್ರಮ ಇದು. ಕುಂಡಿಯನ್ನು ಒಂದೊಂದೇ ಕಡೆ ಸರಿಸುತ್ತಾ ಕುರ್ಚಿಯ ಅಂಚಿಗೆ ಬನ್ನಿ. ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಬೇಕು. ಎರಡು ಪಾದದ ನಡುವೆ ಒಂದು ಗೇಣು ಅಂತರ. ಈಗ ಬೆನ್ನು ನೆಟ್ಟಗಿಟ್ಟುಕೊಂಡೇ ಸೊಂಟದಿಂದ ಮುಂದಕ್ಕೆ ವಾಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಬೇಕು. ಆಗ ಕುಂಡಿ ತಾನಾಗಿ ಹಗುರವಾಗುತ್ತದೆ. ಉಸಿರು ಬಿಡುತ್ತಾ ಎದ್ದು ನಿಂತು, ಮಂಡಿ ಮಂಡಿಗೆ ತಾಗದ ಹಾಗೆ ನೋಡಿಕೊಳ್ಳಿ. ನಿಂತ ಮೇಲೆ ಎರಡು ಎಣಿಸಿ. ಕೂರುವ ಮುಂಚೆ ಮೀನಖಂಡಕ್ಕೆ ಕುರ್ಚಿ ತಾಗುತ್ತಿದೆಯಾ ಅಂತ ನೋಡಿ. ಮತ್ತೆ ಮುಂದಕ್ಕೆ ವಾಲಿ, ಮೂರು ಎಣಿಸುತ್ತಾ ಕೂರಿ.

ಅಮ್ಮನಿಗೆ "ಮೂಗು ಬೆರಳಿಗೆ" ಅನ್ನುವ ಒಂದೇ ಮಾತು ಮಂತ್ರದ ಹಾಗೆ ಕೆಲಸ ಮಾಡಿತು. ಮೊದಲನೇ ಸಲ ಹಾಗೆ ಎದ್ದಾಗ ಆಶ್ಚರ್ಯದಿಂದ ನನ್ನನ್ನೇ ನೋಡಿದಳು, ನಾನೇನೋ ಹಿಂದಿನಿಂದ ಎತ್ತಿದೆ ಅನ್ನುವ ಹಾಗೆ.

ಎತ್ತರದಿಂದ ಶುರು ಮಾಡುವುದು ಇನ್ನೊಂದು ಗುಟ್ಟು. ಕುರ್ಚಿ ಎತ್ತರ ಇದ್ದಷ್ಟೂ ಏಳುವುದು ಸುಲಭ. ನಾವು ದಪ್ಪ ಜಮಖಾನವನ್ನು ಬಿಗಿಯಾಗಿ ಮಡಿಸಿ ಸೀಟಿನ ಮೇಲೆ ಹಾಕಿ, ಜಾರದ ಹಾಗೆ ಹಗ್ಗದಿಂದ ಕಟ್ಟಿದೆವು. ಎಂಟು ಮಡಿಕೆ. ಮೊದಲು ಟೇಬಲ್ ಹಿಡಿದು ಮೂರು ಸಲ ಎದ್ದರೆ ಸಾಕಿತ್ತು. ಐದು ಸಲ ಸಲೀಸಾಗಿ ಬಂದ ಮೇಲೆ ಒಂದು ಕೈ. ಆಮೇಲೆ ಎರಡೂ ಕೈ ಎದೆಯ ಮೇಲೆ. ಅದೂ ಬಂದ ಮೇಲೆ ಜಮಖಾನದ ಒಂದು ಮಡಿಕೆ ಕಡಿಮೆ ಮಾಡಿ, ಮತ್ತೆ ಕೈ ಹಿಡಿದು ಶುರು. ಒಂದು ಮಡಿಕೆ ಇಳಿಯಲು ಒಮ್ಮೊಮ್ಮೆ ಹತ್ತು ದಿನ, ಒಮ್ಮೊಮ್ಮೆ ತಿಂಗಳು. ಅವಸರ ಮಾಡಿದ್ದು ನಾನೇ. ಮೂರನೇ ವಾರದಲ್ಲಿ ಒಟ್ಟಿಗೆ ಎರಡು ಮಡಿಕೆ ತೆಗೆದೆ, ಅಮ್ಮನ ಮಂಡಿ ಸಂಜೆಗೆ ಇಡ್ಲಿಯ ಹಾಗೆ ಊದಿತು.

ಜೊತೆಗೆ ನಿಲ್ಲುವವರು ಗಮನಿಸಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಕೈ ಹಿಡಿದು ಎಳೆಯಬೇಡಿ. ಭುಜದ ಕೀಲಿಗೆ ಪೆಟ್ಟಾಗುತ್ತದೆ. ಪಾರ್ಶ್ವವಾಯು ಆದವರ ಬಲವಿಲ್ಲದ ಕೈಯನ್ನಂತೂ ಮುಟ್ಟಿ ಎಳೆಯಲೇಬಾರದು. ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು ಸೊಂಟದ ಹತ್ತಿರ ಕೈ ಸಿದ್ಧವಾಗಿಟ್ಟುಕೊಳ್ಳಿ, ಅಷ್ಟೇ.

ಐದು: ಕಟ್ಟೆ ಹಿಡಿದು ನಿಲ್ಲುವುದು

ಅಡುಗೆ ಕಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ. ಹಿಂದೆ ಕುರ್ಚಿ ಇರಲಿ. ಇದು ಬಂದ ಮೇಲೆ ಒಂದು ಕಾಲನ್ನು ಪಕ್ಕಕ್ಕೆ ಒಂದು ಗೇಣು ಸರಿಸಿ ವಾಪಸ್ ತನ್ನಿ. ದೇಹ ವಾಲಬಾರದು. ಬೀಳದ ಹಾಗೆ ಕಾಯುವುದು ಈ ಸಮತೋಲನವೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ 65 ದಾಟಿದವರಿಗೆ ಸಮತೋಲನ ಮತ್ತು ಬಲದ ವ್ಯಾಯಾಮ ವಾರಕ್ಕೆ 3 ದಿನವಾದರೂ ಇರಲಿ ಅಂತಿದೆ. ಅದೇ ಸಲಹೆಯಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ ಅನ್ನುವ ಮಾತೂ ಇದೆ, ಅದನ್ನು ಕೇಳಿ ಹೆದರಬೇಡಿ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಅಂತಲೂ ಅದರಲ್ಲೇ ಹೇಳಿದ್ದಾರೆ. ಅಮ್ಮ ಶುರು ಮಾಡಿದ್ದು ದಿನಕ್ಕೆ ಆರು ನಿಮಿಷದಿಂದ.

ನಿಲ್ಲಲು ಆಗದೆ ವೀಲ್ ಚೇರಿನಲ್ಲಿರುವವರು ಮೊದಲ ಮೂರನ್ನು ಮಾಡಲಿ. ಎರಡೂ ಬ್ರೇಕ್ ಹಾಕಿ, ಕಾಲು ಇಡುವ ಹಲಗೆ ಮಡಚಿರಬೇಕು. ಅದರ ಜೊತೆ ಕೈಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚಿ ಬಿಡಿಸುವುದು ಸೇರಿಸಿಕೊಳ್ಳಬಹುದು.

ತಕ್ಷಣ ನಿಲ್ಲಿಸಬೇಕಾದಾಗ

ಎದೆಯಲ್ಲಿ ನೋವು, ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಕೂತರೂ ಕಡಿಮೆಯಾಗದ ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಗ್ಯಾಸ್ ಇರಬೇಕು ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ನೀವಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ಕ್ಯಾಲೆಂಡರಿನ ಗುರುತು

ಜೆರಾಕ್ಸ್ ಹಾಳೆ ತೆಗೆದ ಜಾಗದಲ್ಲಿ ಈಗ ತಿಥಿ ವಾರ ನೋಡುವ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಅಮ್ಮ ಎರಡು ಅಂಕಿ ಬರೆಯುತ್ತಾಳೆ, ಎಷ್ಟು ಸಲ ಎದ್ದದ್ದು, ಎಷ್ಟಾಣೆ ನೋವು. ಪಕ್ಕದಲ್ಲಿ ನಾನು ಮಡಿಕೆ ಎಷ್ಟು ಅಂತ ಬರೆಯುತ್ತೇನೆ. ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆ ಬಂದಾಗ ಮೊದಲು ನೋಡುವುದು ಅದನ್ನೇ. ನೀವೂ ತಿಂಗಳಿಗೊಮ್ಮೆ, ಅರ್ಧ ನಿಮಿಷದಲ್ಲಿ ಕೈ ಊರದೆ ಎಷ್ಟು ಸಲ ಎದ್ದು ಕೂರಲು ಆಗುತ್ತದೆ ಅಂತ ಎಣಿಸಿ ಬರೆದಿಡಿ. ಸೊನ್ನೆ ಬಂದರೆ ಸೊನ್ನೆ ಅಂತಲೇ ಬರೆಯಿರಿ. ಅಮ್ಮನದು ಮೊದಲ ಎರಡು ತಿಂಗಳು ಸೊನ್ನೆ, ಮೂರನೇ ತಿಂಗಳು 1, ಈಗ 6.

ನಡುವೆ ಖಾಲಿ ಚೌಕಗಳೂ ಇವೆ. ಗೌರಿ ಗಣೇಶ ಹಬ್ಬಕ್ಕೆ ನಾಲ್ಕು ದಿನ, ಕೆಮ್ಮು ಜ್ವರಕ್ಕೆ ಒಂಬತ್ತು ದಿನ. ಅಂಥ ಬಿಡುವಿನ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಾರದು. ಜ್ವರ ಬಿಟ್ಟ ಎರಡು ದಿನ ಬರೀ ಪಾದ ಆಡಿಸಿದಳು. ಮೂರನೇ ದಿನ ತಾನೇ ಒಳಗೆ ಹೋಗಿ ಜಮಖಾನ ತಂದು, "ಎರಡು ಮಡಿಕೆ ಜಾಸ್ತಿ ಹಾಕು, ಮೂರರಿಂದ ಶುರು ಮಾಡ್ತೀನಿ" ಅಂದಳು.